ಗುರುತು ಮತ್ತು ಗೋಪ್ಯತೆ: ಎಚ್‌ಐವಿ ಚಿಕಿತ್ಸೆಯ ರಾಷ್ಟ್ರೀಯ ದಾಖಲೆ

ಭಾರತ ಸರ್ಕಾರವು ಎಚ್‌ಐವಿ ಪೀಡಿತರಿಗೆ ಉಚಿತ ಔಷಧೋಪಚಾರವನ್ನು ಆರಂಭಿಸಿದ್ದು 2004ರ ಏಪ್ರಿಲ್ 1ರಂದು. ಮೊದಲ ವರ್ಷಗಳಲ್ಲಿ ರೋಗಿಯ ವೃತ್ತಾಂತವು ಕಾಗದದಲ್ಲಿ ಅಡಗಿತ್ತು: ಬಿಳಿಯ ಕಾರ್ಡು ಕೇಂದ್ರದಲ್ಲಿ ಉಳಿಯುತ್ತಿತ್ತು, ಹಸಿರು ಪುಸ್ತಕವು ರೋಗಿಯ ಕೈಯಲ್ಲಿರುತ್ತಿತ್ತು.

ಈ ಔಷಧಸೇವನೆಯು ಜೀವಾವಧಿಯದು. ನಡುವೆ ತಪ್ಪಿದರೆ ವೈರಾಣುವು ಔಷಧಕ್ಕೆ ಮಣಿಯದಂತಾಗಬಹುದು. ಕೂಲಿಯನ್ನರಸಿ ಊರು ಬಿಟ್ಟವನು ಹಳೆಯ ಕೇಂದ್ರದ ಲೆಕ್ಕದಲ್ಲಿ ಕಾಣೆಯಾದವನೆಂದೂ ಹೊಸ ಕೇಂದ್ರದಲ್ಲಿ ಹೊಸ ರೋಗಿಯೆಂದೂ ನಮೂದಾಗಬಹುದು. ಹೀಗೆ ಒಬ್ಬನು ಇಬ್ಬರಾದಲ್ಲಿ ಚಿಕಿತ್ಸೆಯೂ ಕೆಡುವುದು, ದೇಶದ ಅಂಕಿ ಅಂಶವೂ ಕೆಡುವುದು. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯು ‘ಸೋಚ್’ ಎಂಬ ಕಂಪ್ಯೂಟರ್ ವ್ಯವಸ್ಥೆಯನ್ನು ರೂಪಿಸಿ, ಪರೀಕ್ಷೆ, ಚಿಕಿತ್ಸೆ, ಔಷಧ ದಾಸ್ತಾನುಗಳ ವಿವರವನ್ನು ಒಂದೆಡೆ ತಂದುದರ ಔಚಿತ್ಯ ಇಲ್ಲಿದೆ.

ಆದರೆ ಗುರುತು ಹಿಡಿಯುವ ದಾಖಲೆಯೇ ಗುಟ್ಟನ್ನು ಹೊರಗೆಡಹಲೂ ಬಲ್ಲದು. 2017ರಲ್ಲಿ ಅಂಗೀಕೃತವಾಗಿ 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದ ಕಾಯಿದೆಯು ಇಂತಹ ದಾಖಲೆಗಳನ್ನಿಡುವ ಪ್ರತಿಯೊಂದು ಸಂಸ್ಥೆಗೂ ಮಾಹಿತಿ ರಕ್ಷಣೆಯ ಹೊಣೆಯನ್ನು ವಿಧಿಸಿದೆ. ಇದು ಕೇವಲ ಕರುಣೆಯ ಮಾತಲ್ಲ. ಗುಟ್ಟು ಉಳಿಯುವುದೆಂಬ ನಂಬಿಕೆಯಿಲ್ಲದವನು ತನ್ನ ನಿಜವಾದ ಹೆಸರನ್ನು ಹೇಳಲು ಹಿಂಜರಿಯುವನು. ಹುಸಿ ಹೆಸರುಗಳ ಮೇಲೆ ನಿಂತ ದಫ್ತರವು ಎಷ್ಟು ವಿಸ್ತಾರವಾಗಿದ್ದರೂ ಪ್ರಮಾಣವಾಗಲಾರದು. ಆದುದರಿಂದ ಗೋಪ್ಯತೆಯೇ ದಾಖಲೆಯ ಸತ್ಯಕ್ಕೆ ತಳಹದಿಯೆಂದು ತಿಳಿಯತಕ್ಕದ್ದು.