ಸೀಲು ಬಿದ್ದ ದೂರು

"ಮಕ್ಕಳು ಅಂದ್ಮೇಲೆ ಕಿತ್ತಾಡ್ತಾವೆ, ದೊಡ್ಡದು ಮಾಡ್ಬೇಡಿ ಮೇಡಂ" ಅಂದರು ಕ್ಲಾಸ್ ಟೀಚರ್. ಆರನೇ ಕ್ಲಾಸಿನ ನನ್ನ ಮಗ ತೊದಲುತ್ತಾನೆ. ಹಾಜರಿ ಕೂಗಿದಾಗ ಅವನು 'ಪ್ರೆಸೆಂಟ್' ಅನ್ನುವಷ್ಟರಲ್ಲಿ ಹಿಂದಿನ ಬೆಂಚು ಅಣಕಿಸಿ ಮುಗಿಸಿರುತ್ತಿತ್ತು. ಊಟದ ಡಬ್ಬಿ ಹಾಗೇ ವಾಪಸ್, ಸೋಮವಾರ ಬಂದರೆ ಹೊಟ್ಟೆನೋವು. ಜಗಳ ಇಬ್ಬರದು, ಸಂಜೆಗೆ ಮುಗಿಯುತ್ತದೆ. ಇದು ಒಬ್ಬನ ಮೇಲೇ, ದಿನಾ.

ಯಾವತ್ತು, ಎಲ್ಲಿ, ಏನಾಯಿತು, ಯಾರು ನೋಡಿದರು ಎಂದು ಬರೆದು ಹೆಡ್‌ಮೇಡಂಗೆ ಕೊಟ್ಟೆ. ನಕಲಿನ ಮೇಲೆ ಸೀಲು, ಸಹಿ ಹಾಕಿಸಿಕೊಂಡೆ. (ಸೀಲು ಬಿದ್ದದ್ದೇ ತಡ, ಎಲ್ಲರ ದನಿ ಮೆತ್ತಗಾಯಿತು!) ಶಾಲೆ ಅಲ್ಲಾಡದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿ ಇದೆ, ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಇದೆ. ಮಕ್ಕಳ ಸಹಾಯವಾಣಿ 1098 ಹಗಲೂ ರಾತ್ರಿ ಉಚಿತ. ಟೀಚರೇ ಹೀಯಾಳಿಸಿದರೆ? 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆತದ ಜೊತೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

ಅಣಕಿಸಿದ ಹುಡುಗನ ಮನೆ ಬಾಗಿಲಿಗೆ ಮಾತ್ರ ಜಗಳಕ್ಕೆ ಹೋಗಬೇಡಿ. ಸೇಡು ಮಾರನೇ ದಿನ ನಿಮ್ಮ ಮಗುವಿನ ಮೇಲೇ ತೀರುತ್ತದೆ.

ನಿದ್ದೆಯಿಲ್ಲದ ಒಂದು ರಾತ್ರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದೆ. "ಏನು ಮಾಡಿದ್ರೆ ಸರಿಹೋಗುತ್ತೆ ಅಂತ ಅವನನ್ನೇ ಕೇಳಿದ್ರಾ ಅಮ್ಮಾ?" ಅಂದರು. ಕೇಳಿದೆ. ಹಾಜರಿಗೆ ಕೈ ಎತ್ತಿದರೆ ಸಾಕು ಅಂತ ಮಾಡಬೇಕಂತೆ. ಅವನೊಬ್ಬನಿಗಲ್ಲ, ಇಡೀ ಕ್ಲಾಸಿಗೆ.