ಜೀವಕೋಶದ ಗಂಧಕದ ಅಗುಳಿ

ಗಾಯವನ್ನು ತೊಳೆಯಲು ಹೈಡ್ರೋಜನ್ ಪೆರಾಕ್ಸೈಡ್ ಸುರಿದಾಗ ಬಿಳಿಯ ನೊರೆ ಉಕ್ಕುವುದನ್ನು ಅನೇಕರು ಕಂಡಿರಬಹುದು. ಕ್ರಿಮಿಗಳನ್ನು ಕೊಲ್ಲುವ, ಕೂದಲಿನ ಬಣ್ಣವನ್ನೇ ತೆಗೆಯುವ ಈ ತೀಕ್ಷ್ಣ ದ್ರವ್ಯವನ್ನು ಮಾನವದೇಹದ ಜೀವಕೋಶಗಳು ಅತ್ಯಲ್ಪ ಪ್ರಮಾಣದಲ್ಲಿ, ಅದೂ ಬೇಕೆಂದೇ, ತಯಾರಿಸಿಕೊಳ್ಳುತ್ತವೆ ಎಂದರೆ ವಾಚಕರು ಹುಬ್ಬೇರಿಸಿಯಾರು. ವಿಜ್ಞಾನಿಗಳೂ ಅದನ್ನು ಬಹುಕಾಲ ಉಸಿರಾಟದ ಕಸವೆಂದೇ ಬಗೆದಿದ್ದರು. ಒಲೆ ಉರಿದಲ್ಲಿ ಮಸಿ ತಪ್ಪೀತೆ? ಆದರೆ 1995ರಲ್ಲಿ ಅಮೆರಿಕದ ಸಂಶೋಧಕರು ರಕ್ತನಾಳದ ಸ್ನಾಯುಕೋಶಗಳೊಳಗಿನ ಪೆರಾಕ್ಸೈಡನ್ನು ನಾಶಮಾಡಿ ನೋಡಿದಾಗ, ಹೊರಗಿನಿಂದ ಬಂದ ಬೆಳವಣಿಗೆಯ ಸಂದೇಶವೇ ಒಳಮುಟ್ಟದೆ ನಿಂತಿತು.

ಪೆರಾಕ್ಸೈಡಿಗೆ ಓಗೊಡುವುದು ಸಸಾರಜನಕಗಳಲ್ಲಿರುವ ಗಂಧಕ. ಸಸಾರಜನಕಗಳನ್ನು ಕಟ್ಟಿರುವ 20 ಅಮೈನೋ ಆಮ್ಲಗಳಲ್ಲಿ ಗಂಧಕವುಳ್ಳವು ಎರಡೇ. ಅವುಗಳಲ್ಲಿ ಸಿಸ್ಟೀನ್ ಎಂಬುದು ಸುಲಭವಾಗಿ ಉತ್ಕರ್ಷಣಗೊಳ್ಳುತ್ತದೆ. ಎರಡು ಸಿಸ್ಟೀನುಗಳ ಗಂಧಕ ಒಂದಕ್ಕೊಂದು ಬೆಸೆದರೆ ಸಿಸ್ಟಿನ್. ಹೆಸರಿನಲ್ಲಿ ದೀರ್ಘವು ಹ್ರಸ್ವವಾಗುವಷ್ಟೇ ವ್ಯತ್ಯಾಸ! ತಲೆಗೂದಲಿನ ಗಟ್ಟಿತನಕ್ಕೆ ಈ ಬೆಸುಗೆಯೇ ಬಹುಮಟ್ಟಿಗೆ ಕಾರಣ.

ಇನ್ಸುಲಿನ್ನಿನ ಕಥೆಯನ್ನೇ ನೋಡಬಹುದು. ಊಟವಾದೊಡನೆ ರಕ್ತಕ್ಕಿಳಿದ ಇನ್ಸುಲಿನ್, ಜೀವಕೋಶದ ಹೊರಪದರವನ್ನು ಮುಟ್ಟುತ್ತದೆ. ಆಗ ಒಳಗಿನ ಕೆಲವು ಸಸಾರಜನಕಗಳ ಮೇಲೆ ಫಾಸ್ಫೇಟಿನ ಗುರುತು ಬೀಳುತ್ತದೆ. ಸಕ್ಕರೆಯನ್ನು ಬರಮಾಡಿಕೊಳ್ಳಬೇಕೆಂಬ ಸಂದೇಶ ಹೀಗೆ ಸಾಗುತ್ತದೆ. ಆ ಗುರುತನ್ನು ಅಳಿಸುವ ಕಿಣ್ವವೊಂದು ಅಲ್ಲಿಯೇ ಇದೆ. ಪಿ.ಟಿ.ಪಿ. 1ಬಿ ಎಂದು ಅದರ ಹೆಸರು. 1999ರಲ್ಲಿ ಕೆನಡಾದ ಸಂಶೋಧಕರು ವರದಿಮಾಡಿದಂತೆ, ಈ ಕಿಣ್ವವಿಲ್ಲದ ಇಲಿಗಳು ಕೊಬ್ಬಿನ ಆಹಾರವನ್ನು ತಿಂದರೂ ಸುಲಭವಾಗಿ ಬೊಜ್ಜು ಬೆಳೆಸಲಿಲ್ಲ. ಇನ್ಸುಲಿನ್ನಿನ ಆಜ್ಞೆಯನ್ನೂ ಮೀರಲಿಲ್ಲ.

ಈ ಕಿಣ್ವದ ಶಕ್ತಿಯೆಲ್ಲ ಅದರ 215ನೆಯ ಸ್ಥಾನದ ಸಿಸ್ಟೀನಿನಲ್ಲಿದೆ. ಇನ್ಸುಲಿನ್ ಬಂದಾಗ ಕೋಶದಲ್ಲಿ ಹುಟ್ಟುವ ಪೆರಾಕ್ಸೈಡ್ ಅದರ ಗಂಧಕವನ್ನು ಉತ್ಕರ್ಷಿಸುತ್ತದೆ. ಕಿಣ್ವವು ಕೆಲಹೊತ್ತು ನಿಷ್ಕ್ರಿಯವಾಗಿ, ಸಂದೇಶವು ಅಳಿಯದೆ ಮುಂದುವರಿಯುತ್ತದೆ. ಅನಂತರ ಗ್ಲುಟಥಯೋನ್ ಮೊದಲಾದ ದ್ರವ್ಯಗಳು ಗಂಧಕವನ್ನು ಮೊದಲಿನ ಸ್ಥಿತಿಗೆ ತರುತ್ತವೆ. ಈ ಕಿಣ್ವದ ಹರಳುಗಳನ್ನು ಪರೀಕ್ಷಿಸಿದವರಿಗೆ 2003ರಲ್ಲಿ ಇನ್ನೊಂದು ಸೋಜಿಗ ಕಂಡಿತು: ಉತ್ಕರ್ಷಣಗೊಂಡ ಗಂಧಕವು ಪಕ್ಕದ ಸಾರಜನಕದೊಡನೆ ಕೂಡಿಕೊಂಡು, ಇನ್ನಷ್ಟು ಆಮ್ಲಜನಕ ತನ್ನನ್ನು ಸೇರದಂತೆ ಕಾಪಾಡಿಕೊಳ್ಳುತ್ತದೆ.

ಅಂಥ ರಕ್ಷಣೆ ಅವಶ್ಯವೇ ಸರಿ. ಗಂಧಕಕ್ಕೆ ಒಂದು ಆಮ್ಲಜನಕ ಸೇರಿದರೆ ಅದು ತೆರೆದು ಮುಚ್ಚುವ ಅಗುಳಿ. ಮೂರು ಸೇರಿದರೆ ಬಿಡಿಸಲಾಗದ ತುಕ್ಕು. ಬೆಸುಗೆಗಳು ಅತಿಯಾದರೂ ಕೇಡೇ. ಕಣ್ಣಿನ ಮಸೂರದ ನಡುಭಾಗದ ಸಸಾರಜನಕಗಳು ಜೀವಮಾನವಿಡೀ ಬದಲಾಗುವುದಿಲ್ಲ. ವಯಸ್ಸಾದಂತೆ ಅಲ್ಲಿ ಗ್ಲುಟಥಯೋನ್ ಕುಗ್ಗುತ್ತದೆ. ಸಿಸ್ಟೀನುಗಳು ಒಂದಕ್ಕೊಂದು ಬೆಸೆದು ಸಸಾರಜನಕಗಳು ಗಂಟುಗಟ್ಟುತ್ತವೆ. ಪೊರೆ ಬಂದು ದೃಷ್ಟಿ ಮಬ್ಬಾಗಲು ಇದೊಂದು ಮುಖ್ಯ ಕಾರಣ.

ಹಾಗಾದರೆ ಉತ್ಕರ್ಷಣವನ್ನು ತಡೆಯುವ ಗುಳಿಗೆಗಳನ್ನು ನಿತ್ಯ ನುಂಗಿದರಾಯಿತಲ್ಲವೆ? ಮಾರುವವರ ಉತ್ತರವೇನೋ ಗೊತ್ತಿರುವುದೇ. 2009ರಲ್ಲಿ ಪ್ರಕಟವಾದ ಜರ್ಮನಿಯ ಪ್ರಯೋಗವೊಂದರಲ್ಲಿ ಯುವಕರು 4 ವಾರ ವ್ಯಾಯಾಮ ಮಾಡಿದರು. ಗುಳಿಗೆಯಿಲ್ಲದವರಲ್ಲಿ ಇನ್ಸುಲಿನ್ನಿನ ಪ್ರಭಾವ ಹೆಚ್ಚಿತು. ಸಿ ಮತ್ತು ಇ ಜೀವಸತ್ವಗಳನ್ನು ದಿನವೂ ನುಂಗಿದವರಲ್ಲಿ ವ್ಯಾಯಾಮದ ಆ ಲಾಭ ಕಾಣಲಿಲ್ಲ.