ಕಿವಿಮೊರೆತ: ವೈದ್ಯರೂ ರೋಗಿಯೂ ಕೂಡಿ ಆರಿಸುವ ಚಿಕಿತ್ಸೆ

ಹೊರಗೆ ಯಾವ ಸದ್ದೂ ಇಲ್ಲದಿರುವಾಗ ಕಿವಿಯೊಳಗೆ ಜೀರುಂಡೆ ಕೂಗಿದಂತೆಯೋ ಹಬೆ ಹೊರಟಂತೆಯೋ ಕೇಳಿಸುವುದುಂಟು. ಇದೇ ಕಿವಿಮೊರೆತ. ಆಯುರ್ವೇದದಲ್ಲಿ ಇದಕ್ಕೆ ಕರ್ಣನಾದವೆಂದು ಹೆಸರು. ಪಾಶ್ಚಾತ್ಯ ವೈದ್ಯರು ಟಿನಿಟಸ್ ಎನ್ನುತ್ತಾರೆ. ಜಗತ್ತಿನ ವಯಸ್ಕರಲ್ಲಿ ನೂರಕ್ಕೆ ಸುಮಾರು 14 ಮಂದಿಗೆ ಇದರ ಅನುಭವವಿದೆಯೆಂದೂ, ಸುಮಾರು 2 ಮಂದಿಗೆ ಇದು ತೀವ್ರ ಬಾಧೆಯೆಂದೂ 2022ರ ಒಂದು ಅಧ್ಯಯನ ಅಂದಾಜು ಮಾಡಿತು.

ಇದು ರೋಗವಲ್ಲ, ಲಕ್ಷಣ. ಒಳಗಿವಿಯಲ್ಲಿ ಶಬ್ದವನ್ನು ಗ್ರಹಿಸುವ ಸೂಕ್ಷ್ಮ ರೋಮಕೋಶಗಳಿವೆ. ವಯಸ್ಸು, ಯಂತ್ರಗಳ ಗದ್ದಲ, ಕೆಲವು ಔಷಧಗಳು ಇವುಗಳಿಂದ ಅವು ಕೆಟ್ಟಾಗ ಮಿದುಳಿಗೆ ತಲಪುವ ಶಬ್ದ ಕಡಿಮೆಯಾಗುತ್ತದೆ. ನಿಲ್ದಾಣ ಸಿಗದ ರೇಡಿಯೋವಿನ ಧ್ವನಿಯನ್ನು ಏರಿಸಿದರೆ ಗೊರಗೊರ ಸದ್ದು ಹೆಚ್ಚುವುದಷ್ಟೆ? ಮಿದುಳೂ ಹಾಗೆಯೇ ಮಾಡುತ್ತದೆಂದು ಅನೇಕ ವಿಜ್ಞಾನಿಗಳ ಅಭಿಪ್ರಾಯ.

ಇದನ್ನು ಪೂರ್ತಿ ಅಳಿಸಿಹಾಕುವ ಮಾತ್ರೆ ಇನ್ನೂ ದೊರೆತಿಲ್ಲ. ಬೀಟಾಹಿಸ್ಟಿನ್ ಮಾತ್ರೆಯನ್ನು ಕಿವಿಮೊರೆತವೊಂದಕ್ಕೆಂದೇ ಕೊಡಬಾರದೆಂದು ಇಂಗ್ಲೆಂಡಿನ ನೈಸ್ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ; ತಲೆಸುತ್ತಿಗೆ ಕೊಡುವುದು ಬೇರೆ ಮಾತು. ಆದರೆ ಬಾಧೆಯನ್ನು ತಗ್ಗಿಸುವ ದಾರಿಗಳಿವೆ. ಕಿವಿ ಮಂದವಾಗಿದ್ದರೆ ಶ್ರವಣಸಾಧನ. ಮೌನವನ್ನು ಮರೆಸುವ ಮೆಲುಸದ್ದು. ಸದ್ದಿನ ಬಗೆಗಿನ ಭಯವನ್ನೂ ಯೋಚನೆಯನ್ನೂ ತಿದ್ದುವ ಮನಶ್ಶಾಸ್ತ್ರದ ಚಿಕಿತ್ಸೆ.

ಇವುಗಳಲ್ಲಿ ಯಾವುದು ಉತ್ತಮ? ಈ ಪ್ರಶ್ನೆಗೆ ಕಿವಿಯ ಪರೀಕ್ಷೆಯೊಂದೇ ಉತ್ತರ ಕೊಡಲಾರದು. ಮಗ್ಗದ ಸದ್ದಿನಲ್ಲಿ ದುಡಿದು ಮಾತು ಕೇಳಿಸದಾಗಿರುವ ನೇಕಾರರನ್ನೂ, ರಾತ್ರಿ ನಿದ್ದೆ ಬಾರದ ಗೃಹಿಣಿಯನ್ನೂ, ಪರೀಕ್ಷೆಗೆ ಓದಲಾಗದ ವಿದ್ಯಾರ್ಥಿಯನ್ನೂ ಊಹಿಸಿಕೊಳ್ಳೋಣ. ಮೂವರ ಸದ್ದೂ ಒಂದೇ ಆಗಿರಬಹುದು. ಮೂವರ ಕಷ್ಟ ಒಂದೇ ಅಲ್ಲ. ಯಾವ ಚಿಕಿತ್ಸೆಯಿಂದ ಎಷ್ಟು ಪ್ರಯೋಜನವೆಂಬುದನ್ನು ವೈದ್ಯರು ಬಲ್ಲರು. ತನಗೆ ಯಾವ ಹೊತ್ತಿನಲ್ಲಿ ಬಾಧೆ, ಎಷ್ಟು ಖರ್ಚು ತಡೆದೀತು, ಪ್ರತಿದಿನ ಸಾಧನ ಧರಿಸಲಾದೀತೆ ಎಂಬುದನ್ನು ರೋಗಿಯೇ ಬಲ್ಲನು. ಈ ಎರಡು ಬಗೆಯ ತಿಳಿವಳಿಕೆ ಕೂಡಿದಾಗಲೇ ಆಯ್ಕೆ ಸರಿಯಾದೀತು. ಇಂಗ್ಲೆಂಡಿನಲ್ಲಿ ಸಂಶೋಧಕರು ಈ ದಾರಿಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ತೋರಿಸುವ ಪಟ್ಟಿಯನ್ನೇ ತಯಾರಿಸಿದ್ದಾರೆ. ವೈದ್ಯರೂ ರೋಗಿಯೂ ಅದನ್ನು ಎದುರಿಗಿಟ್ಟುಕೊಂಡು ಮಾತನಾಡಬಹುದು. ಚಿಕಿತ್ಸೆಯ ಸ್ವರೂಪ, ಪರ್ಯಾಯ, ಅಪಾಯಗಳನ್ನು ತಿಳಿಸಿಯೇ ಒಪ್ಪಿಗೆ ಪಡೆಯಬೇಕೆಂದು ನಮ್ಮ ಸುಪ್ರೀಂ ಕೋರ್ಟು 2008ರಲ್ಲಿ ವಿಧಿಸಿದೆ.

ಮೈಸೂರಿನವರಾದ ನಮಗೆ ಈ ವಿಷಯದಲ್ಲಿ ಒಂದು ಭಾಗ್ಯವಿದೆ. 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಲ್ಲಿಯ ಮಾನಸಗಂಗೋತ್ರಿಯಲ್ಲಿದೆ. ಶ್ರವಣತಜ್ಞರು, ಕಿವಿಯ ವೈದ್ಯರು, ಮನಶ್ಶಾಸ್ತ್ರಜ್ಞರು ಮೂವರೂ ಅಲ್ಲಿ ದೊರೆಯುತ್ತಾರೆ.

ಆದರೆ ಸಂಸ್ಥೆಯಿದ್ದರೆ ಸಾಲದು. "ನೀವು ಹೇಳಿದ ಹಾಗೆ ಸ್ವಾಮಿ" ಎಂದು ಕೈಮುಗಿದುಬಿಡುವುದು ನಮ್ಮ ಹಿರಿಯರ ವಾಡಿಕೆ. ನಮ್ಮಲ್ಲಿ ಅನೇಕರು ತಮ್ಮ ಮನೆಯಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರು. ಆಸ್ಪತ್ರೆಗೆ ಅವರೊಡನೆ ಹೋಗುವವರೂ ನಾವೇ. ಅಲ್ಲಿ ಇಂಗ್ಲಿಷಿನಲ್ಲಿ ನಾವೇ ಉತ್ತರ ಹೇಳಿಬಿಟ್ಟರೆ ಅವರ ಬಾಯಿಯನ್ನು ಇನ್ನಷ್ಟು ಕಟ್ಟಿದಂತಾಗುತ್ತದೆ. ವೈದ್ಯರ ಮಾತನ್ನು ತಿಳಿಗನ್ನಡದಲ್ಲಿ ಅವರಿಗೆ ಹೇಳಿ, ಅವರ ಮಾತಿಗಾಗಿ ಕಾಯುವುದೇ ವಿದ್ಯಾವಂತರ ಕೆಲಸ.

ಒಂದೆರಡು ಎಚ್ಚರಿಕೆಗಳು. ಒಂದೇ ಕಿವಿಯಲ್ಲಿ ಮೊರೆತವಿದ್ದರೆ, ನಾಡಿಯ ಬಡಿತಕ್ಕೆ ಸರಿಯಾಗಿ ಸದ್ದು ಕೇಳಿಸಿದರೆ ವೈದ್ಯರಿಗೆ ತಪ್ಪದೆ ತೋರಿಸಬೇಕು. ಕಿವಿ ಇದ್ದಕ್ಕಿದ್ದಂತೆ ಮಂದವಾದರಂತೂ ಒಂದು ದಿನವೂ ತಡಮಾಡಬಾರದು. ಉಳಿದಂತೆ ಅವಸರ ಬೇಡ. ಕೇಳಿ, ತಿಳಿದು, ಕೂಡಿ ಆರಿಸಿಕೊಳ್ಳುವುದಕ್ಕೆ ಸಮಯವಿದೆ.